ಕನ್ನಡ ಬರಹದ ವಾಚನೀಯತೆ: ಅಳತೆಯ ಮಾನದಂಡಗಳು ಮತ್ತು ಅವುಗಳ ಮಿತಿ

1. ಪ್ರಸ್ತಾವನೆ

ಬರಹವೊಂದು ಓದುಗನಿಗೆ ಎಷ್ಟರಮಟ್ಟಿಗೆ ಎಟುಕುತ್ತದೆ ಎಂಬ ಪ್ರಶ್ನೆ ಭಾರತೀಯ ಚಿಂತನೆಗೆ ಹೊಸದಲ್ಲ. ಅಲಂಕಾರಶಾಸ್ತ್ರವು ನಿರೂಪಿಸುವ ಕಾವ್ಯಗುಣಗಳಲ್ಲಿ ‘ಪ್ರಸಾದ’ವೂ ಒಂದು. ಓದಿದೊಡನೆ ಅರ್ಥವು ಮನಸ್ಸನ್ನು ವ್ಯಾಪಿಸುವುದು ಇದರ ಲಕ್ಷಣ. ಒಣ ಸೌದೆಯಲ್ಲಿ ಬೆಂಕಿ ಹಬ್ಬುವ ಹೋಲಿಕೆಯ ಮೂಲಕ ಮಮ್ಮಟನು ಕಾವ್ಯಪ್ರಕಾಶದಲ್ಲಿ ಇದನ್ನು ವಿವರಿಸಿದ್ದಾನೆ. ಕನ್ನಡದಲ್ಲಿ ನಾಗವರ್ಮನ ಕಾವ್ಯಾವಲೋಕನದ ಒಂದು ಭಾಗಕ್ಕೆ ‘ಗುಣವಿವೇಕ’ ಎಂಬ ಹೆಸರೇ ಇದೆ. ಆದರೆ ಶಾಸ್ತ್ರಕಾರರ ಮುಂದಿದ್ದವನು ಸಹೃದಯ. ಕಾವ್ಯಾಭ್ಯಾಸದಿಂದ ಸಂಸ್ಕಾರಗೊಂಡ ಓದುಗ. ಅವನಿಗೆ ಅರ್ಥವಾಗದಿದ್ದರೆ ದೋಷವು ಕಾವ್ಯದ್ದೆಂದು ಹೇಳುವುದು ಸಾಧ್ಯವಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆಯ ಸ್ವರೂಪ ಬದಲಾಯಿತು. ಸಾರ್ವತ್ರಿಕ ಶಿಕ್ಷಣ, ಮುದ್ರಣದ ವಿಸ್ತಾರ ಮತ್ತು ಜನಜೀವನದಲ್ಲಿ ಕಾಗದಪತ್ರಗಳಿಗೆ ಒದಗಿದ ಅಧಿಕಾರ ಇವುಗಳಿಂದಾಗಿ, ಓದಲೇಬೇಕಾದ ಅನಿವಾರ್ಯಕ್ಕೆ ಸಿಲುಕಿದ ಹೊಸ ಓದುಗವರ್ಗವೊಂದು ರೂಪುಗೊಂಡಿತು. ಪಠ್ಯಪುಸ್ತಕದ ಮುಂದೆ ಕುಳಿತ ಮಗು, ಔಷಧದ ಪೊಟ್ಟಣವನ್ನು ಹಿಡಿದ ರೋಗಿ, ತಾಲ್ಲೂಕು ಕಚೇರಿಯ ನೋಟಿಸನ್ನು ಪಡೆದ ರೈತ ಇವರು ಬರಹವನ್ನು ಆಯ್ದುಕೊಂಡವರಲ್ಲ. ಬರಹವೇ ಅವರನ್ನು ಹುಡುಕಿಕೊಂಡು ಬಂದಿದೆ. ಇಂಥ ಬರಹವನ್ನು ಓದಿ ಗ್ರಹಿಸುವುದು ಎಷ್ಟು ಸುಲಭ ಎಂಬುದನ್ನು ಅಳೆಯುವ ಪ್ರಯತ್ನವೇ ವಾಚನೀಯತೆಯ ಅಧ್ಯಯನ. ಅಚ್ಚಿನ ಮೊಳೆ ಸ್ಪಷ್ಟವಾಗಿ ಕಾಣುತ್ತದೆಯೇ ಎಂಬ ಅಕ್ಷರಸ್ಪಷ್ಟತೆಯ ವಿಚಾರ ಇದಕ್ಕಿಂತ ಬೇರೆಯಾದುದು.

ಈ ಅಧ್ಯಯನವು ಮುಖ್ಯವಾಗಿ ಇಂಗ್ಲಿಷಿನಲ್ಲಿ ಬೆಳೆದುಬಂದಿತು. ಅಲ್ಲಿ ರೂಪುಗೊಂಡ ಸೂತ್ರಗಳು ಈಗ ಗಣಕಯಂತ್ರದ ತಂತ್ರಾಂಶಗಳ ಮೂಲಕ ಎಲ್ಲೆಡೆ ದೊರೆಯುತ್ತವೆ. ಅವುಗಳನ್ನು ಕನ್ನಡಕ್ಕೆ ಅನ್ವಯಿಸಿದರೆ ಏನಾಗುತ್ತದೆ, ಕನ್ನಡಕ್ಕೆ ತಕ್ಕ ಅಳತೆ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ಪ್ರಸ್ತುತ ಪ್ರಬಂಧವು ಪರಿಶೀಲಿಸುತ್ತದೆ.

2. ಎಣಿಕೆಯ ಮಾರ್ಗ

ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಎಲ್. ಎ. ಶರ್ಮನ್ ಅವರು 1893ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಗ್ಲಿಷ್ ಗದ್ಯವಾಕ್ಯದ ಸರಾಸರಿ ಉದ್ದವು ಎಲಿಜಬೆತ್ ರಾಣಿಯ ಕಾಲಕ್ಕೆ ಹಿಂದೆ ಸುಮಾರು 50 ಪದಗಳಿದ್ದುದು ತಮ್ಮ ಕಾಲಕ್ಕೆ 23ಕ್ಕೆ ಇಳಿದಿದೆ ಎಂಬುದನ್ನು ಎಣಿಸಿ ತೋರಿಸಿದರು. ಶೈಲಿಯನ್ನು ಸಂಖ್ಯೆಯಿಂದ ವಿವರಿಸಬಹುದೆಂಬ ನಂಬಿಕೆಗೆ ಇದು ತಳಹದಿಯಾಯಿತು. 1921ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಅವರು ಬಳಕೆಯ ಪ್ರಮಾಣಕ್ಕನುಗುಣವಾಗಿ 10,000 ಪದಗಳ ಪಟ್ಟಿಯನ್ನು ಶಿಕ್ಷಕರಿಗಾಗಿ ಸಿದ್ಧಪಡಿಸಿದರು. ವಿಜ್ಞಾನದ ಪಠ್ಯಗಳು ಪಾರಿಭಾಷಿಕ ಪದಗಳಿಂದ ತುಂಬಿಹೋಗಿ, ಪಾಠದ ಅವಧಿಯೆಲ್ಲ ಪದಾರ್ಥ ಹೇಳುವುದರಲ್ಲಿಯೇ ಕಳೆಯುತ್ತದೆಂಬ ಶಿಕ್ಷಕರ ಅಳಲಿಗೆ ಉತ್ತರವಾಗಿ, 1923ರಲ್ಲಿ ಲೈವ್ಲಿ ಮತ್ತು ಪ್ರೆಸ್ಸಿ ಎಂಬ ವಿದ್ವಾಂಸರು ಈ ಪಟ್ಟಿಯ ನೆರವಿನಿಂದ ಪಠ್ಯಪುಸ್ತಕಗಳ ಪದಭಾರವನ್ನು ಅಳೆದರು.

1935ರಲ್ಲಿ ಗ್ರೇ ಮತ್ತು ಲಿಯರಿ ಅವರು ನಡೆಸಿದ ವಿಸ್ತೃತ ಅಧ್ಯಯನವು ವಾಚನೀಯತೆಯನ್ನು ನಿರ್ಧರಿಸುವ ಸಂಗತಿಗಳನ್ನು ವಸ್ತು, ಶೈಲಿ, ಮುದ್ರಣವಿನ್ಯಾಸ ಮತ್ತು ವಿಷಯಸಂಯೋಜನೆ ಎಂಬ ನಾಲ್ಕು ವರ್ಗಗಳಲ್ಲಿ ವಿಂಗಡಿಸಿತು. ಇವುಗಳಲ್ಲಿ ವಸ್ತುವಿಗೇ ಮೊದಲ ಸ್ಥಾನ ದೊರೆಯಿತು. ಆದರೂ ಸಂಖ್ಯೆಯಲ್ಲಿ ಹಿಡಿಯಲು ಒದಗಿಬಂದದ್ದು ಶೈಲಿ ಮಾತ್ರ. ಆದ್ದರಿಂದ ಮುಂದಿನ ಸೂತ್ರಗಳೆಲ್ಲವೂ ಶೈಲಿಯ ಎರಡೇ ಅಂಶಗಳನ್ನು, ಎಂದರೆ ಪದದ ಕಾಠಿಣ್ಯ ಮತ್ತು ವಾಕ್ಯದ ಉದ್ದವನ್ನು, ಆಧರಿಸಿ ನಿಂತವು. ಅಳೆಯಬಹುದಾದುದನ್ನು ಅಳೆದು, ಅಳೆಯಲಾಗದುದನ್ನು ಬದಿಗಿರಿಸಲಾಯಿತು ಎಂಬುದನ್ನು ಇಲ್ಲಿಯೇ ಗುರುತಿಸಿಕೊಳ್ಳುವುದು ಅವಶ್ಯ.

1948ರಲ್ಲಿ ಎರಡು ಪ್ರಸಿದ್ಧ ಸೂತ್ರಗಳು ಪ್ರಕಟವಾದವು. ಡೇಲ್ ಮತ್ತು ಚಾಲ್ ಅವರ ಸೂತ್ರವು ನಾಲ್ಕನೆಯ ತರಗತಿಯ ಮಕ್ಕಳಲ್ಲಿ ಬಹುಪಾಲು ಜನರಿಗೆ ಪರಿಚಿತವಾದ 3,000 ಪದಗಳ ಪಟ್ಟಿಯನ್ನು ಬಳಸಿ, ಆ ಪಟ್ಟಿಯ ಹೊರಗಿನ ಪದಗಳ ಪ್ರಮಾಣವನ್ನು ಎಣಿಸಿತು. ರುಡಾಲ್ಫ್ ಫ್ಲೆಶ್ ಅವರ ಸೂತ್ರಕ್ಕೆ ಪಟ್ಟಿಯೂ ಬೇಕಿರಲಿಲ್ಲ. 206.835 ಎಂಬ ಸಂಖ್ಯೆಯಿಂದ, ವಾಕ್ಯವೊಂದರ ಸರಾಸರಿ ಪದಸಂಖ್ಯೆಯನ್ನು 1.015ರಿಂದ ಗುಣಿಸಿದ ಲಬ್ಧವನ್ನೂ, ಪದವೊಂದರ ಸರಾಸರಿ ಉಚ್ಚಾರಾಂಶಗಳ ಸಂಖ್ಯೆಯನ್ನು 84.6ರಿಂದ ಗುಣಿಸಿದ ಲಬ್ಧವನ್ನೂ ಕಳೆದರೆ ಉಳಿಯುವುದೇ ವಾಚನೀಯತೆಯ ಅಂಕ. ಅದು 90ನ್ನು ದಾಟಿದರೆ ಬರಹವು ಅತಿ ಸುಲಭ. 60ರಿಂದ 70ರವರೆಗೆ ಸಾಮಾನ್ಯ. 30ಕ್ಕಿಂತ ಕಡಿಮೆಯಾದರೆ ಅತಿ ಕಠಿಣ. ಸರಳವಾದ ಈ ಲೆಕ್ಕವು ಪತ್ರಿಕಾಲಯಗಳಿಂದ ಶಾಸನಗಳವರೆಗೆ ಪ್ರವೇಶ ಪಡೆಯಿತು. ಅಮೆರಿಕದ ಫ್ಲಾರಿಡಾ ರಾಜ್ಯದ ಕಾನೂನು ವಿಮಾಪತ್ರಗಳು ಫ್ಲೆಶ್ ಅಳತೆಯಲ್ಲಿ ಕನಿಷ್ಠ 45 ಅಂಕವನ್ನು ಪಡೆಯಬೇಕೆಂದು ವಿಧಿಸುತ್ತದೆ.

3. ಸೂತ್ರದ ಹಿಂದಿರುವ ಓದುಗ

206.835 ಅಥವಾ 84.6 ಎಂಬ ಸಂಖ್ಯೆಗಳು ಭಾಷೆಯ ನಿಯಮದಿಂದ ಹುಟ್ಟಿದವಲ್ಲ. ಅಮೆರಿಕದ ಶಾಲೆಗಳಲ್ಲಿ ಬಳಕೆಯಲ್ಲಿದ್ದ ಮೆಕಾಲ್ ಮತ್ತು ಕ್ರಾಬ್ಸ್ ಅವರ ವಾಚನಪಾಠಗಳನ್ನು ಮಕ್ಕಳು ಓದಿ ಪ್ರಶ್ನೆಗಳಿಗೆ ನೀಡಿದ ಉತ್ತರಗಳೇ ಫ್ಲೆಶ್ ಸೂತ್ರಕ್ಕೂ ಡೇಲ್–ಚಾಲ್ ಸೂತ್ರಕ್ಕೂ ಆಧಾರ. ಯಾವ ಪಾಠವನ್ನು ಯಾವ ತರಗತಿಯ ಮಕ್ಕಳು ಎಷ್ಟು ಗ್ರಹಿಸಿದರು ಎಂಬುದು ಮೊದಲು ತಿಳಿಯಿತು. ಆ ಫಲಿತಾಂಶಕ್ಕೆ ಹೊಂದಿಕೊಳ್ಳುವಂತೆ ಸಂಖ್ಯೆಗಳನ್ನು ಅನಂತರ ಕಂಡುಕೊಳ್ಳಲಾಯಿತು. 1975ರಲ್ಲಿ ಕಿನ್‌ಕೇಡ್ ಮತ್ತು ಸಂಗಡಿಗರು ಅಮೆರಿಕದ ನೌಕಾಪಡೆಗಾಗಿ ಫ್ಲೆಶ್ ಸೂತ್ರವನ್ನು ಪರಿಷ್ಕರಿಸಿದಾಗಲೂ 531 ನೌಕಾ ಸಿಬ್ಬಂದಿಗೆ ತರಬೇತಿ ಕೈಪಿಡಿಗಳ 18 ಭಾಗಗಳನ್ನು ಓದಿಸಿ, ಗ್ರಹಿಕೆಯನ್ನು ಪರೀಕ್ಷಿಸಿದ ಮೇಲೆಯೇ ಹೊಸ ಸಂಖ್ಯೆಗಳನ್ನು ನಿಗದಿಪಡಿಸಿದರು.

ಆದುದರಿಂದ ಸೂತ್ರವೆಂಬುದು ಓದುಗರ ಮೇಲೆ ನಡೆದ ಪರೀಕ್ಷೆಯೊಂದರ ಸಂಕ್ಷೇಪ. ಸೂತ್ರವನ್ನು ಇನ್ನೊಂದು ಭಾಷೆಗೆ ಒಯ್ದಾಗ ಸಂಖ್ಯೆಗಳಷ್ಟೇ ಬರುತ್ತವೆ, ಅವುಗಳನ್ನು ಹುಟ್ಟಿಸಿದ ಓದುಗರು ಬರುವುದಿಲ್ಲ. ಇತರ ಭಾಷೆಗಳ ವಿದ್ವಾಂಸರು ಈ ತೊಡಕನ್ನು ಬೇಗನೆ ಗಮನಿಸಿದರು. ಸ್ಪ್ಯಾನಿಷ್ ಪದಗಳು ಸಹಜವಾಗಿಯೇ ಇಂಗ್ಲಿಷಿಗಿಂತ ಉದ್ದವಾದುದರಿಂದ ಫರ್ನಾಂಡೆಸ್ ಉಯೆರ್ತಾ ಅವರು 1959ರಲ್ಲಿ 84.6ರ ಸ್ಥಾನದಲ್ಲಿ 60ನ್ನು ಇರಿಸಿದರು. ಜರ್ಮನ್ ಭಾಷೆಗಾಗಿ ಟೋನಿ ಆಮ್‌ಸ್ಟಾಡ್ ಅವರು 1978ರಲ್ಲಿ ಅದನ್ನು 58.5ಕ್ಕೂ, ಆರಂಭದ ಸಂಖ್ಯೆಯನ್ನು 180ಕ್ಕೂ ಇಳಿಸಿದರು. ಸ್ವೀಡನ್ನಿನ ಬ್ಯೋರ್ನ್‌ಸನ್ ಅವರು 1968ರಲ್ಲಿ ಉಚ್ಚಾರಾಂಶದ ಎಣಿಕೆಯನ್ನೇ ಕೈಬಿಟ್ಟು, ಆರು ಅಕ್ಷರಗಳಿಗಿಂತ ಉದ್ದವಾದ ಪದಗಳ ಶೇಕಡಾ ಪ್ರಮಾಣವನ್ನು ವಾಕ್ಯದ ಉದ್ದಕ್ಕೆ ಕೂಡಿಸುವ ಬೇರೊಂದು ಅಳತೆಯನ್ನು ರೂಪಿಸಿದರು.

4. ಕನ್ನಡಕ್ಕೆ ಅನ್ವಯಿಸಿದಾಗ

‘ಮಕ್ಕಳು ಮನೆಯಲ್ಲಿ ಊಟ ಮಾಡುತ್ತಿದ್ದಾರೆ’ ಎಂಬ ವಾಕ್ಯವನ್ನು ಪರಿಶೀಲಿಸಬಹುದು. ಪ್ರಾಥಮಿಕ ಶಾಲೆಯ ಮಗುವಿಗೂ ತೊಡಕಾಗದ ವಾಕ್ಯವಿದು. ಇದರಲ್ಲಿ 4 ಪದಗಳೂ 14 ಅಕ್ಷರಗಳೂ ಇವೆ. ಕನ್ನಡದಲ್ಲಿ ಅಕ್ಷರವೇ ಸರಿಸುಮಾರಾಗಿ ಉಚ್ಚಾರಾಂಶವಾದುದರಿಂದ ಪದವೊಂದಕ್ಕೆ ಸರಾಸರಿ 3.5 ಉಚ್ಚಾರಾಂಶಗಳಾದವು. ಫ್ಲೆಶ್ ಸೂತ್ರದಂತೆ ಲೆಕ್ಕ ಹಾಕಿದರೆ ಈ ವಾಕ್ಯಕ್ಕೆ ದೊರೆಯುವ ಅಂಕ ಸೊನ್ನೆಗಿಂತ ಕೆಳಗೆ 93. ಇದೇ ಅರ್ಥವನ್ನು ಏಳು ಪದಗಳಲ್ಲಿ ಹೇಳುವ, ಒಂಬತ್ತು ಉಚ್ಚಾರಾಂಶಗಳ ಇಂಗ್ಲಿಷ್ ವಾಕ್ಯಕ್ಕೆ 91 ಅಂಕ ದೊರೆಯುತ್ತದೆ. ಆಮ್‌ಸ್ಟಾಡ್ ಅವರ ಜರ್ಮನ್ ಸೂತ್ರವನ್ನು ಅನ್ವಯಿಸಿದರೂ ಕನ್ನಡ ವಾಕ್ಯವು ಸೊನ್ನೆಗಿಂತ ಸುಮಾರು 29 ಅಂಕ ಕೆಳಗೇ ಉಳಿಯುತ್ತದೆ.

ಇದರ ಕಾರಣ ಕನ್ನಡದ ರಚನೆಯಲ್ಲಿದೆ. ಇಂಗ್ಲಿಷ್ ಪ್ರತ್ಯೇಕ ಪದಗಳಿಂದ ಸೂಚಿಸುವ ವಿಭಕ್ತಿ, ಕಾಲ, ಲಿಂಗ, ವಚನಗಳ ಸಂಬಂಧವನ್ನು ಕನ್ನಡವು ಪ್ರತ್ಯಯಗಳಿಂದ ಪದದೊಳಗೇ ಸೇರಿಸುತ್ತದೆ. ‘ಮಾಡುತ್ತಿದ್ದಾರೆ’ ಎಂಬುದು ಐದು ಅಕ್ಷರಗಳ ಪದವಾದರೂ ಅದರ ಭಾಗಗಳೆಲ್ಲವೂ ಓದುಗನಿಗೆ ನಿತ್ಯಪರಿಚಿತ. ಎರಡೇ ಅಕ್ಷರಗಳ ‘ಗ್ರಾಹ್ಯ’, ಮೂರೇ ಅಕ್ಷರಗಳ ‘ಸಕ್ಷಮ’ ಅದೇ ಓದುಗನನ್ನು ತಡೆದು ನಿಲ್ಲಿಸಬಲ್ಲವು. ಪದದ ಉದ್ದವು ಕಾಠಿಣ್ಯದ ಗುರುತೆಂಬ ಇಂಗ್ಲಿಷಿನ ಊಹೆ ಇಲ್ಲಿ ನಿಲ್ಲುವುದಿಲ್ಲ.

ಪದದ ಗಡಿಯೇ ಇಲ್ಲಿ ಸ್ಥಿರವಲ್ಲ ಎಂಬುದು ಇನ್ನೊಂದು ತೊಡಕು. ‘ಹೋಗಬೇಕಾಗಿರುವುದರಿಂದ’ ಎಂದು ಕೂಡಿಸಿ ಬರೆದರೆ 10 ಅಕ್ಷರಗಳ ಒಂದು ಪದ. ‘ಹೋಗಬೇಕಾಗಿ ಇರುವುದರಿಂದ’ ಎಂದು ಬಿಡಿಸಿ ಬರೆದರೆ 11 ಅಕ್ಷರಗಳ ಎರಡು ಪದಗಳು, ಸರಾಸರಿ ಐದೂವರೆ. ಅರ್ಥವೂ ವ್ಯಾಕರಣವೂ ಒಂದೇ ಆಗಿದ್ದರೂ ಮುದ್ರಣಾಲಯದ ಸಂಪ್ರದಾಯಕ್ಕೆ ಅನುಗುಣವಾಗಿ ಅಂಕ ಏರಿಳಿಯುತ್ತದೆ. ಸಂಧಿಯನ್ನು ಬಿಡಿಸಿ ಬರೆಯುವುದು ಎಳೆಯ ಓದುಗರಿಗೆ ನೆರವಾಗುತ್ತದೆಯೇ ಎಂಬುದು ಪರೀಕ್ಷಿಸಬೇಕಾದ ಪ್ರಶ್ನೆ. ಅದನ್ನು ಎಣಿಕೆಯ ನಿಯಮವೇ ಮುಂಚಿತವಾಗಿ ತೀರ್ಮಾನಿಸಬಾರದು.

ಲಿಪಿಯ ಭಾರವನ್ನೂ ಬೇರೆಯಾಗಿ ಪರಿಗಣಿಸಬೇಕಾಗುತ್ತದೆ. ಕನ್ನಡದ ಮಗು ಮೂಲಾಕ್ಷರಗಳ ಜೊತೆಗೆ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಕಲಿಯಬೇಕು. ಕನ್ನಡದ ಆರಂಭಿಕ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಮೇಲಿನ ಹಿಡಿತವು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ತೋರಿಸಿತು. ‘ಅಕ್ಕ’, ‘ಹಣ್ಣು’ ಮೊದಲಾದವುಗಳ ಸಜಾತೀಯ ಒತ್ತಕ್ಷರಕ್ಕೂ ‘ಸ್ವಾತಂತ್ರ್ಯ’ ಎಂಬಲ್ಲಿ ಮೂರು ವ್ಯಂಜನಗಳು ಒಂದರ ಕೆಳಗೊಂದು ಸೇರುವ ವಿಜಾತೀಯ ಒತ್ತಕ್ಷರಕ್ಕೂ ಎಳೆಯ ಓದುಗನ ಕಣ್ಣಿನಲ್ಲಿ ಅಂತರವಿದೆ. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತನ್ನು ಬಳಸಿದಾಗ ಮೊದಲು ಉಚ್ಚರಿಸಬೇಕಾದ ರೇಫವು ಬರಹದಲ್ಲಿ ಅನಂತರ ಬರುತ್ತದೆ. ಅಕ್ಷರಸಂಖ್ಯೆಯನ್ನಷ್ಟೇ ಎಣಿಸಿದರೆ ‘ಸ್ವಾತಂತ್ರ್ಯ’ವೂ ‘ಮರಳು’ ಎಂಬುದೂ ಸಮಾನ, ಎರಡೂ ಮೂರಕ್ಷರದ ಪದಗಳು. ಹಿಂದಿ ಮತ್ತು ಬಂಗಾಳಿ ಬರಹಗಳಿಗಾಗಿ ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2012ರಲ್ಲಿ ಮಂಡಿಸಿದ ಅಳತೆಗಳಲ್ಲಿ ಸಂಯುಕ್ತಾಕ್ಷರಗಳ ಎಣಿಕೆಗೂ ಸ್ಥಾನ ದೊರೆತದ್ದು ಈ ದೃಷ್ಟಿಯಿಂದ ಗಮನಾರ್ಹ.

5. ಪರಿಚಿತ ಪದ ಯಾವುದು?

ಉದ್ದವನ್ನು ಬಿಟ್ಟು ಪರಿಚಯವನ್ನು ಅಳೆಯುವುದೇ ಲೇಸೆಂದರೆ, ಪದಗಳ ಬಳಕೆಯ ಪಟ್ಟಿ ಬೇಕಾಗುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು ಇತರ ದ್ರಾವಿಡ ಭಾಷೆಗಳ ಜೊತೆಗೆ ಕನ್ನಡದ ಪಠ್ಯಸಂಚಯವನ್ನು 1990ರ ದಶಕದಲ್ಲಿಯೇ ಸಿದ್ಧಪಡಿಸಿತು. ಆದರೆ ಬರಹದಲ್ಲಿ ಕಾಣುವ ರೂಪಗಳನ್ನು ಹಾಗೆಯೇ ಎಣಿಸಿದರೆ ‘ಮನೆ’, ‘ಮನೆಗೆ’, ‘ಮನೆಯಲ್ಲಿ’, ‘ಮನೆಗಳಿಂದಲೂ’ ಎಂಬವು ಬೇರೆ ಬೇರೆ ಪದಗಳಾಗಿ ಹಂಚಿಹೋಗಿ, ಅವುಗಳಲ್ಲಿ ಕೊನೆಯದು ಅಪರೂಪದ ಪದವೆಂಬ ಹಣೆಪಟ್ಟಿ ಪಡೆಯುತ್ತದೆ. ಆದ್ದರಿಂದ ಪ್ರಕೃತಿಯನ್ನೂ ಪ್ರತ್ಯಯವನ್ನೂ ಬಿಡಿಸಿ ಎಣಿಸುವುದು ಕನ್ನಡದಲ್ಲಿ ಅನಿವಾರ್ಯ.

ಹೀಗೆ ಎಣಿಸಿದರೂ ಪಟ್ಟಿಯು ಯಾರ ಪರಿಚಯವನ್ನು ಪ್ರತಿನಿಧಿಸುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಪತ್ರಿಕೆ ಮತ್ತು ಸಾಹಿತ್ಯಕೃತಿಗಳಿಂದ ಸಂಗ್ರಹಿಸಿದ ಪಟ್ಟಿಯಲ್ಲಿ ‘ಪಹಣಿ’, ‘ಖರಾಬು’, ‘ಪೋಡಿ’ ಎಂಬ ಕಂದಾಯ ಇಲಾಖೆಯ ಪದಗಳು ಕೆಳಗಿನ ಸಾಲಿನಲ್ಲಿ ಬೀಳುವ ಸಂಭವವೇ ಹೆಚ್ಚು. ನಗರದ ಪದವೀಧರನಿಗೆ ಅರ್ಥವಾಗದ ಈ ಪದಗಳು ಜಮೀನುಳ್ಳ ರೈತನಿಗೆ ಬಾಯಿಪಾಠ. ಅವುಗಳನ್ನು ಕಠಿಣವೆಂದು ಗುರುತಿಸಿ ಅಚ್ಚ ಹೊಸ ಪದಗಳನ್ನು ತಂದರೆ, ಯಾರಿಗಾಗಿ ಸರಳಗೊಳಿಸಲಾಯಿತೋ ಅವರಿಗೇ ಬರಹವು ದೂರವಾಗುತ್ತದೆ.

ಪದದ ಮೂಲವನ್ನು ನೋಡಿ ಕಾಠಿಣ್ಯವನ್ನು ನಿರ್ಧರಿಸುವ ಪದ್ಧತಿಯೂ ಇದೇ ಕಾರಣದಿಂದ ಸಾಲದು. ಕನ್ನಡ ಬರಹವು ಸಂಸ್ಕೃತದ ಭಾರದಿಂದ ಸಾಮಾನ್ಯರಿಗೆ ತೊಡಕಾಗಿದೆ ಎಂಬ ವಾದವನ್ನು ಡಿ. ಎನ್. ಶಂಕರಭಟ್ಟರು ಬಲವಾಗಿ ಮುಂದಿಟ್ಟರು. ಉಚ್ಚಾರಣೆಯಲ್ಲಿಲ್ಲದ ಮಹಾಪ್ರಾಣಾಕ್ಷರಗಳನ್ನು ಬರಹದಿಂದ ಕೈಬಿಡಬಹುದೆಂದು ಅವರು ಪ್ರತಿಪಾದಿಸಿದರು. 2005ರಲ್ಲಿ ಪ್ರಕಟವಾದ ‘ಕನ್ನಡ ಬರಹವನ್ನು ಸರಿಪಡಿಸೋಣ’ ಈ ವಿಚಾರವನ್ನು ವ್ಯಾಪಕ ಚರ್ಚೆಗೆ ತಂದಿತು. ಬರಹದ ಕಾಠಿಣ್ಯವನ್ನು ಓದುಗನ ಕಡೆಯಿಂದ ನೋಡಿದುದು ಈ ವಾದದ ಹಿರಿಮೆ. ಆದರೆ ‘ವ್ಯಾಕರಣ’ ತತ್ಸಮವಾದರೂ ಶಾಲೆಯ ಮಗುವಿಗೆ ಪರಿಚಿತ; ‘ಸೊಲ್ಲರಿಮೆ’ ಅಚ್ಚಗನ್ನಡವಾದರೂ ಬಳಕೆಯಿಂದ ಪರಿಚಿತವಾಗಬೇಕಾದುದು. ಸುಲಭತೆಯನ್ನು ತರುವುದು ಪದದ ವಂಶವಲ್ಲ, ಓದುಗನೊಡನೆ ಅದಕ್ಕಿರುವ ಒಡನಾಟ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಉರ್ದು, ತೆಲುಗು ಅಥವಾ ಮರಾಠಿಯನ್ನಾಡಿ, ಶಾಲೆಯಲ್ಲಿ ಮತ್ತು ಕಚೇರಿಯಲ್ಲಿ ಕನ್ನಡವನ್ನು ಓದುವವರ ಒಡನಾಟವು ಮತ್ತೊಂದು ಬಗೆಯದು. ಧಾರವಾಡದ ಓದುಗನ ಪದಸಂಪತ್ತು ಮೈಸೂರಿನವನದಕ್ಕೆ ಪೂರ್ತಿಯಾಗಿ ಹೊಂದುವುದೂ ಇಲ್ಲ.

6. ವಾಕ್ಯದ ಉದ್ದ ಮತ್ತು ವಾಕ್ಯದ ಹೆಣಿಗೆ

ವಾಕ್ಯದ ಉದ್ದದ ವಿಚಾರದಲ್ಲಿಯೂ ಕನ್ನಡವು ತನ್ನದೇ ಸ್ವಭಾವವನ್ನು ತೋರುತ್ತದೆ. ‘ಅವಳು ಬೆಳಿಗ್ಗೆ ಎದ್ದು, ಮುಖ ತೊಳೆದು, ದನಗಳಿಗೆ ಹುಲ್ಲು ಹಾಕಿ, ಹಾಲು ಕರೆದು, ಡೈರಿಗೆ ಕೊಟ್ಟು ಬಂದಳು’ ಎಂಬಲ್ಲಿ 13 ಪದಗಳಿವೆ. ಕೃದಂತಾವ್ಯಯಗಳ ಈ ಸರಪಳಿಯು ಕೆಲಸಗಳು ನಡೆದ ಕ್ರಮದಲ್ಲಿಯೇ ಸಾಗುವುದರಿಂದ ಓದುಗನಿಗೆ ಆಯಾಸವಿಲ್ಲ. ಕಥೆ ಹೇಳುವ ಅಜ್ಜಿಯ ಮಾತೂ ಹೀಗೆಯೇ ಸಾಗುತ್ತದೆ. ‘ತಹಶೀಲ್ದಾರರು ನೀಡಿದ ಆದೇಶವನ್ನು ರದ್ದುಪಡಿಸಿದ ಅಧಿಕಾರಿಯ ವಿರುದ್ಧ ದೂರು ಸಲ್ಲಿಸಿದ ರೈತನನ್ನು ಕರೆಸಲಾಯಿತು’ ಎಂಬಲ್ಲಿರುವುದು 10 ಪದಗಳು ಮಾತ್ರ. ಆದರೆ ಇಲ್ಲಿ ಕೃದಂತನಾಮಗಳು ವಾಕ್ಯದೊಳಗೆ ವಾಕ್ಯವನ್ನು ಅಡಗಿಸಿವೆ. ತಹಶೀಲ್ದಾರರೇ ವಾಕ್ಯದ ಕರ್ತೃವೆಂದು ತಿಳಿದು ಹೊರಟ ಓದುಗನು ಆದೇಶ, ಅಧಿಕಾರಿ, ರೈತ ಎಂದು ಮೂರು ಬಾರಿ ತನ್ನ ಗ್ರಹಿಕೆಯನ್ನು ತಿದ್ದಿಕೊಳ್ಳಬೇಕು. ಚಿಕ್ಕ ವಾಕ್ಯವೇ ಇಲ್ಲಿ ಕಠಿಣ.

ಸೂತ್ರದ ಅಂಕವನ್ನು ಏರಿಸಲೆಂದೇ ವಾಕ್ಯಗಳನ್ನು ತುಂಡರಿಸುವುದರ ಅಪಾಯವನ್ನು ಇಂಗ್ಲಿಷಿನ ವಿದ್ವಾಂಸರೂ ಎತ್ತಿ ತೋರಿಸಿದ್ದಾರೆ. ಆಲಿಸ್ ಡೇವಿಸನ್ ಮತ್ತು ರಾಬರ್ಟ್ ಕ್ಯಾಂಟರ್ ಅವರ 1982ರ ಲೇಖನವು ಈ ದೃಷ್ಟಿಯಿಂದ ಮುಖ್ಯವಾದುದು. ‘ಆದುದರಿಂದ’, ‘ಏಕೆಂದರೆ’, ‘ಆದರೂ’ ಎಂಬ ಪದಗಳನ್ನು ಕಿತ್ತುಹಾಕಿದರೆ ವಾಕ್ಯಗಳು ಚಿಕ್ಕದಾಗುತ್ತವೆ, ಅಂಕ ಉತ್ತಮಗೊಳ್ಳುತ್ತದೆ. ಆದರೆ ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಊಹಿಸುವ ಹೊರೆ ಓದುಗನ ಹೆಗಲಿಗೆ ಬೀಳುತ್ತದೆ.

7. ಬಿಟ್ಟ ಸ್ಥಳ ತುಂಬುವ ಪರೀಕ್ಷೆ

ಎಣಿಕೆಯ ಮಾರ್ಗಕ್ಕೆ ಪರ್ಯಾಯವಾಗಿ ವಿಲ್ಸನ್ ಟೇಲರ್ ಅವರು 1953ರಲ್ಲಿ ‘ಕ್ಲೋಜ್’ ವಿಧಾನವನ್ನು ಮಂಡಿಸಿದರು. ಬರಹದಲ್ಲಿ ನಿಯತವಾಗಿ, ಸಾಮಾನ್ಯವಾಗಿ ಪ್ರತಿ ಐದನೆಯ ಪದವನ್ನು ತೆಗೆದು, ಓದುಗನು ಅದನ್ನು ತುಂಬುವಂತೆ ಕೇಳುವುದು ಇದರ ಕ್ರಮ. ಕನ್ನಡ ಶಾಲೆಗಳ ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಪ್ರಶ್ನೆಯ ರೂಪವೇ ಇಲ್ಲಿದ್ದರೂ ಉದ್ದೇಶ ಬೇರೆ. ಇಲ್ಲಿ ಪರೀಕ್ಷೆಗೊಳಗಾಗುವುದು ಓದುಗನ ನೆನಪಲ್ಲ, ಬರಹದ ಸುಲಭತೆ. 1960ರ ದಶಕದಲ್ಲಿ ಜಾನ್ ಬೋರ್ಮತ್ ಅವರು ನಡೆಸಿದ ಅಧ್ಯಯನಗಳ ಪ್ರಕಾರ, ಶೇಕಡಾ 44ರಷ್ಟು ಸ್ಥಳಗಳನ್ನು ಸರಿಯಾಗಿ ತುಂಬುವ ಓದುಗನು ಗ್ರಹಿಕೆಯ ಸಾಮಾನ್ಯ ಪ್ರಶ್ನೆಗಳಲ್ಲಿ ಶೇಕಡಾ 75ರಷ್ಟಕ್ಕೆ ಸರಿಯುತ್ತರ ನೀಡಬಲ್ಲನು.

ಈ ಪ್ರಮಾಣಗಳನ್ನೂ ಕನ್ನಡಕ್ಕೆ ನೇರವಾಗಿ ತರುವಂತಿಲ್ಲ. ಇಂಗ್ಲಿಷಿನಲ್ಲಿ ತೆಗೆದ ಐದನೆಯ ಪದವು ಅನೇಕ ವೇಳೆ ಬರಿಯ ಸಂಬಂಧಸೂಚಕವಾಗಿರುತ್ತದೆ. ಕನ್ನಡದಲ್ಲಿ ತೆಗೆದ ಪದವು ಪ್ರಕೃತಿಯನ್ನೂ ಸಂಬಂಧವನ್ನೂ ಒಟ್ಟಿಗೆ ಕೊಂಡೊಯ್ಯುವುದರಿಂದ ತುಂಬುವುದು ಹೆಚ್ಚು ಕಷ್ಟ. ಆದರೆ ಇದೇ ತೊಡಕನ್ನು ಉಪಯುಕ್ತವಾಗಿ ಪರಿವರ್ತಿಸಿಕೊಳ್ಳಬಹುದು. ‘ಶಾಲೆಗೆ’ ಎಂದಿರಬೇಕಾದಲ್ಲಿ ಓದುಗನು ‘ಊರಿಗೆ’ ಎಂದು ತುಂಬಿದರೆ ವಾಕ್ಯದ ಹೆಣಿಗೆಯನ್ನು ಹಿಡಿದಿದ್ದಾನೆ, ವಸ್ತುವನ್ನು ಹಿಡಿದಿಲ್ಲ. ‘ಶಾಲೆಯಲ್ಲಿ’ ಎಂದು ತುಂಬಿದರೆ ವಸ್ತುವನ್ನು ಹಿಡಿದಿದ್ದಾನೆ, ಹೆಣಿಗೆಯಲ್ಲಿ ಎಡವಿದ್ದಾನೆ. ಪ್ರಕೃತಿಗೂ ಪ್ರತ್ಯಯಕ್ಕೂ ಬೇರೆ ಬೇರೆ ಅಂಕ ನೀಡುವ ಪರೀಕ್ಷೆಯು ಬರಹ ಕಠಿಣವೆಂಬುದನ್ನಷ್ಟೇ ಅಲ್ಲ, ಎಲ್ಲಿ ಕಠಿಣವೆಂಬುದನ್ನೂ ತಿಳಿಸಬಲ್ಲದು.

8. ಸಮಾರೋಪ

ಅಳತೆಯ ಈ ಚರ್ಚೆಯು ಅಂತಿಮವಾಗಿ ಯಾರಿಗೆ ಸಂಬಂಧಿಸಿದ್ದು ಎಂಬುದನ್ನು ಕಚೇರಿಯ ಬರವಣಿಗೆಯ ಮಾದರಿಯಲ್ಲಿ ರಚಿಸಿಕೊಂಡ ಒಂದು ವಾಕ್ಯದಿಂದ ಸ್ಪಷ್ಟಪಡಿಸಬಹುದು: ‘ಸದರಿ ಆದೇಶದಿಂದ ಬಾಧಿತರಾದ ಅರ್ಜಿದಾರರು ಆದೇಶ ಸ್ವೀಕೃತವಾದ ದಿನಾಂಕದಿಂದ ಮೂವತ್ತು ದಿನಗಳೊಳಗಾಗಿ ಸಕ್ಷಮ ಮೇಲ್ಮನವಿ ಪ್ರಾಧಿಕಾರದ ಮುಂದೆ ಮೇಲ್ಮನವಿ ಸಲ್ಲಿಸತಕ್ಕದ್ದು.’ ಇದರಲ್ಲಿ 15 ಪದಗಳಿವೆ. ಇದನ್ನೇ ‘ಈ ಆದೇಶ ನಿಮಗೆ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ಆದೇಶ ನಿಮ್ಮ ಕೈಸೇರಿದ ದಿನದಿಂದ ಮೂವತ್ತು ದಿನಗಳ ಒಳಗೆ ಅದನ್ನು ಸಲ್ಲಿಸಬೇಕು. ಅದನ್ನು ಪರಿಶೀಲಿಸುವ ಅಧಿಕಾರಿಯ ಹೆಸರು ಮತ್ತು ವಿಳಾಸ ಕೆಳಗಿದೆ’ ಎಂದೂ ಬರೆಯಬಹುದು. ಆಗ ಪದಗಳ ಸಂಖ್ಯೆ 22ಕ್ಕೆ ಏರುತ್ತದೆ. ವಾಕ್ಯಗಳು ಚಿಕ್ಕದಾದುದನ್ನು ಯಾವ ಸೂತ್ರವಾದರೂ ಗುರುತಿಸೀತು. ಆದರೆ ‘ಸಲ್ಲಿಸತಕ್ಕದ್ದು’ ಎಂಬುದು ಕಡ್ಡಾಯವೋ ಅವಕಾಶವೋ ಎಂಬ ಸಂದೇಹವನ್ನು ‘ಬಹುದು’ ಎಂಬ ಪ್ರತ್ಯಯವು ನೀಗಿಸಿತೆಂಬುದನ್ನೂ, ‘ಸಕ್ಷಮ ಪ್ರಾಧಿಕಾರ’ ಎಲ್ಲಿದೆ ಎಂದು ಹುಡುಕುವ ಅಲೆದಾಟ ತಪ್ಪಿತೆಂಬುದನ್ನೂ ಎಣಿಕೆಯು ಕಾಣಲಾರದು. ಮೂವತ್ತು ದಿನಗಳು ಕಳೆದುಹೋದ ಮೇಲೆ ಅರ್ಥವಾದರೆ ಆ ಓದುಗನಿಗೆ ಪ್ರಯೋಜನವಿಲ್ಲ.

ಹಾಗೆಂದು ಸಂಖ್ಯೆಯ ಮಾರ್ಗವನ್ನು ತ್ಯಜಿಸಬೇಕಾಗಿಲ್ಲ. ಸಾವಿರಾರು ಪುಟಗಳ ಪಠ್ಯಗಳನ್ನೂ ನಮೂನೆಗಳನ್ನೂ ಪರಿಶೀಲಿಸುವಾಗ ಸೂತ್ರದ ನೆರವು ಬೇಕೇ ಬೇಕು. ಆದರೆ ಕೆಲಸದ ಕ್ರಮ ಮುಖ್ಯ. ನಾಡಿನ ಬೇರೆ ಬೇರೆ ಭಾಗಗಳ, ಬೇರೆ ಬೇರೆ ಮನೆಮಾತಿನ, ಬೇರೆ ಬೇರೆ ಮಟ್ಟದ ಓದುಗರಿಗೆ ಆಯ್ದ ಬರಹಗಳನ್ನು ಓದಿಸಿ ಅವರ ಗ್ರಹಿಕೆಯನ್ನು ದಾಖಲಿಸುವುದು ಮೊದಲ ಹೆಜ್ಜೆ. ಪ್ರಕೃತಿಗಳ ಬಳಕೆಯ ಪ್ರಮಾಣ, ವಿಜಾತೀಯ ಒತ್ತಕ್ಷರಗಳ ಸಾಂದ್ರತೆ, ಕೃದಂತನಾಮಗಳ ಮೂಲಕ ಅಡಗಿರುವ ಉಪವಾಕ್ಯಗಳ ಸಂಖ್ಯೆ ಇವುಗಳಲ್ಲಿ ಯಾವುದು ಆ ಫಲಿತಾಂಶಕ್ಕೆ ಹೊಂದುತ್ತದೆ ಎಂಬುದನ್ನು ಪರಿಶೀಲಿಸುವುದು ಎರಡನೆಯದು. ಸೂತ್ರವು ಮೂರನೆಯದು, ಯಾವ ಓದುಗರಿಂದ ಅದು ಬಂದಿತೆಂಬ ವಿವರವೂ ಅದರೊಡನೆ ಪ್ರಕಟವಾಗಬೇಕು. ಪಠ್ಯಪುಸ್ತಕ ಸಮಿತಿಯಾಗಲಿ ಸರ್ಕಾರಿ ಇಲಾಖೆಯಾಗಲಿ ಬರಹವೊಂದನ್ನು ಸುಲಭವೆಂದು ಪ್ರಮಾಣೀಕರಿಸುವ ಮೊದಲು, ಅದನ್ನು ಓದಬೇಕಾದ ಹತ್ತಾರು ಮಂದಿಯ ಕೈಗೆ ಒಮ್ಮೆ ಕೊಟ್ಟು ನೋಡುವ ಪದ್ಧತಿಯನ್ನು ಇದಕ್ಕಾಗಿ ಕಾಯದೆ ಇಂದೇ ಆರಂಭಿಸಬಹುದಾಗಿದೆ.